ಹದಿನೈದನೆಯ ಅಂಗಿ

ಹೆಬರ್ ಕರ್ದೋಸೊ ಹದಿನೆಂಟು ವರ್ಷಗಳಲ್ಲಿ ಹದಿನಾಲ್ಕು ಫುಟ್ಬಾಲ್ ತಂಡಗಳ ಅಂಗಿ ತೊಟ್ಟವನು. ಉರುಗ್ವೆಯ ಊರೂರೂ ಅವನಿಗೆ ನೆಂಟರ ಮನೆ, ಎಲ್ಲೂ ಹಾಸಿಗೆ ಬೆಚ್ಚಗಾಗುವಷ್ಟು ಉಳಿದವನಲ್ಲ. ಮೈದಾನದ ನಡುವೆ ಎದುರಾಳಿಯ ಕಾಲಿಗೆ ತೊಡರಿಕೊಂಡು ಓಡುವುದೇ ಅವನ ಕಸುಬು. ಗೋಲು ವರ್ಷಕ್ಕೊಂದು, ಅದೂ ದೇವರು ಕಣ್ಣು ಬಿಟ್ಟರೆ. ಆ ಒಂದಕ್ಕೂ ಕುಣಿಯುವ ಯೋಗ, ಪಾಪ, ಅವನಿಗೆ ಇರಲಿಲ್ಲ. ಉಂಡ ಮನೆಗೇ, ಅಂದರೆ ಹಿಂದೆ ಆಡಿದ ತಂಡಕ್ಕೇ, ಗೋಲು ಹೊಡೆದವನು ಕುಣಿಯದೆ ಎರಡೂ ಕೈ ಎತ್ತಿ ಆ ಜನರ ಕ್ಷಮೆ ಕೇಳಬೇಕು. ಅದು ಆಟಗಾರರ ಮರ್ಯಾದೆ. ಹೆಬರ್ ಎಲ್ಲರ ಮನೆಯಲ್ಲೂ ಉಂಡಿದ್ದ.

ಈ ವರ್ಷದ ಕೊನೆಯ ಪಂದ್ಯ ಮಾತ್ರ ಬೇರೆ. ಎದುರಿಗಿದ್ದದ್ದು ಬ್ರೆಜಿಲ್ ಗಡಿಯ ಅರ್ತಿಗಾಸ್ ತಂಡ. ಅವನು ಸೇರದೆ ಉಳಿದಿದ್ದ ತಂಡ ಅದೊಂದೇ.

"ಇವತ್ತೊಂದು ಗೋಲು ಹೊಡಿಯೋ ಮುದುಕ," ಎಂದಳು ಹೆಂಡತಿ ಮಿರ್ತಾ, ಮಾಟೆ ಎಲೆಯ ಬಿಸಿ ಕಷಾಯ ತುಂಬಿದ ಸೋರೆಬುರುಡೆ ಕೈಗಿಡುತ್ತ. "ಮನಸಾರೆ ಕುಣಿ. ಆಮೇಲೆ ಬೂಟು ಬಿಚ್ಚಿಡು. ಇನ್ನು ಗಂಟುಮೂಟೆ ಕಟ್ಟೋದು ನನ್ ಕೈಲಾಗಲ್ಲ. ಮಾತು ಕೊಟ್ಟಿದ್ದೀಯ."

"ಕೊಟ್ಟಿದ್ದೀನಲ್ಲ ಮಾರಾಯ್ತಿ."

ಹೆಬರ್ ನಾಲಿಗೆ ಸುಟ್ಟುಕೊಂಡ. ಗುರುವಾರವಷ್ಟೇ ಅರ್ತಿಗಾಸ್ ತಂಡದ ಅಧ್ಯಕ್ಷರಿಗೆ, ಮುಂದಿನ ವರ್ಷ ನಿಮ್ಮಲ್ಲೇ ಆಡುತ್ತೇನೆಂದು ಫೋನಿನಲ್ಲಿ ಒಪ್ಪಿಕೊಂಡಿದ್ದ. ಮೂವತ್ತೆಂಟು ವರ್ಷದ ಮಂಡಿಯನ್ನು ಯಾರಾದರೂ ಬೇಕು ಎಂದರೆ ಬೇಡ ಎನ್ನಲು ಬಾಯಾದರೂ ಹೇಗೆ ಬರುತ್ತದೆ? ಸೋಮವಾರ ಅವಳ ಮುಖ ನೋಡಿಕೊಂಡು ಹೇಳಿದರಾಯಿತು ಎಂದುಕೊಂಡಿದ್ದ.

ಎಪ್ಪತ್ತನೇ ನಿಮಿಷದಲ್ಲಿ ಚೆಂಡು ಯಾರದೋ ತಲೆಗೆ ಬಡಿದು, ಹೆಬರನ ಅದೇ ಮಂಡಿಗೆ ತಾಗಿ ಗೋಲಿನೊಳಗೆ ಹೋಯಿತು. ಮೈದಾನ ಎದ್ದು ಕೂಗಿತು. ಕುಣಿಯಲು ಓಡಿದವನು ನಾಲ್ಕೇ ಹೆಜ್ಜೆಗೆ ಗಕ್ಕನೆ ನಿಂತು, ಎರಡೂ ಕೈ ಎತ್ತಿ, ಅರ್ತಿಗಾಸ್ ಜನರತ್ತ ತಲೆ ಬಾಗಿಸಿಬಿಟ್ಟ.

"ಇವನ್ಯಾವಾಗ ನಮ್ಮಲ್ಲಿ ಆಡಿದ್ದ?" ಎಂದು ಅವರು ಮುಖ ಮುಖ ನೋಡಿಕೊಂಡರು.

"ಅಭ್ಯಾಸಬಲ ಕಣ್ರೋ, ಕೈ ತಾನಾಗೇ ಏಳುತ್ತೆ!" ಎಂದು ಅವನ ತಂಡದ ಗೋಲ್‌ಕೀಪರ್ ಹೊಟ್ಟೆ ಹಿಡಿದುಕೊಂಡು ನಕ್ಕ.

ನಗದೆ ಇದ್ದವಳು ಮಿರ್ತಾ ಒಬ್ಬಳೇ. ಪ್ರೇಕ್ಷಕರ ಮೆಟ್ಟಿಲಿಳಿದು ಅವನು ನಿಂತಿದ್ದ ಕಡೆಯ ಬೇಲಿಯವರೆಗೆ ಬಂದಳು.

"ಅರ್ತಿಗಾಸಾ?"

ಹೆಬರ್ ಹೌದೆಂದು ತಲೆಯಾಡಿಸಿದ.

"ಅವರಿಗ್ಯಾಕೋ ಕೈ ಎತ್ತುತ್ತೀಯ? ಅವರೇನು ನಿನ್ ಹಿಂದೆ ಪಾತ್ರೆ ಹೊತ್ಕೊಂಡು ಹದಿನಾಲ್ಕು ಊರು ಅಲೆದ್ರಾ? ಈ ಕಡೆ ತಿರುಗು!"

ಹೆಬರ್ ತಿರುಗಿ ಅವಳೆದುರು ಎರಡೂ ಕೈ ಎತ್ತಿದ. ಆಟ ಮತ್ತೆ ಶುರುವಾಗಿ ಚೆಂಡು ಕಾಲ ಪಕ್ಕದಲ್ಲೇ ಉರುಳಿಹೋದರೂ ಅವನು ಕೈ ಇಳಿಸಲಿಲ್ಲ.