ಕೋಳಿಯೂ ಇರಲಿ, ಮೋತ್ಯಾನೂ ಇರಲಿ

ವಡಾಲದ ರೈಲು ಹಳಿಯ ಬದಿಗಿರುವ ನಮ್ಮ ಗಲ್ಲಿಯಲ್ಲಿ ಕೋಳಿ ಸಾಕಿದರೆ ಎಲ್ಲರ ಬಾಯಿಗೂ ಬೀಳಬೇಕು. ಕೂಗಿದರೆ ಗಲಾಟೆ ಎನ್ನುತ್ತಾರೆ, ಕೆದರಿದರೆ ಕಸ ಎನ್ನುತ್ತಾರೆ. ತತ್ತಿ ಬೇಕಾದಾಗ ಮಾತ್ರ ಅದೇ ಜನ ಇಂದ್ರಾಬಾಯಿಯ ಬಾಗಿಲು ಬಡಿಯುತ್ತಾರೆ. ನಾನು ನಾಗರತ್ನಾ, ಅವಳ ಪಕ್ಕದ ಖೋಲಿಯವಳು. ನಡೆದದ್ದನ್ನು ಬರೆದುಕೊಡು, ಸಭೆಯಲ್ಲಿ ಓದೋಣ ಎಂದರು ನಮ್ಮ ಮಹಿಳಾ ಸಂಘದವರು. ಬರೆದಿದ್ದೇನೆ. ಯಾರಿಗಾದರೂ ಚುಚ್ಚಿದರೆ ಚುಚ್ಚಲಿ.

ಒಂದು ಬೆಳಿಗ್ಗೆ ನಲ್ಲಿಗೆ ಹೊರಟವಳು ನೋಡುತ್ತೇನೆ, ಇಂದ್ರಾಬಾಯಿಯ ಮನೆಯ ಹಿಂದೆಲ್ಲ ಬರೀ ಪುಕ್ಕ. ಕೋಳಿಗಳ ಮೇಲೆ ಕವುಚಿದ್ದ ಬಿದಿರಿನ ಬುಟ್ಟಿ ಮಗುಚಿ ಬಿದ್ದಿತ್ತು. ಬುಟ್ಟಿಯ ಮೇಲಿಟ್ಟ ಕಲ್ಲು ಮೋರಿಯ ಹತ್ತಿರ ಉರುಳಿತ್ತು. ಎರಡು ಕೋಳಿ ಸತ್ತಿದ್ದವು. ಉಳಿದವು ಮಾಡಿನ ತಗಡಿನ ಮೇಲೆ ಹಾರಿ ಕುಳಿತು ನಡುಗುತ್ತಿದ್ದವು.

ಇಂದ್ರಾಬಾಯಿ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದಳು. ಮಗಳು ಸಪ್ನಾ ತುಂಬು ಬಸುರಿ, ಹೆರಿಗೆಗೆ ತವರಿಗೆ ಬರುವವಳಿದ್ದಳು. "ಆ ಖೋಲಿಯೊಳಗ ನಿಮ್ಮವ್ವ ನಿನಗ ಏನ್ ತಿನಿಸ್ತಾಳ?" ಎಂದು ಬೀಗತಿ ಮಗಳ ಮುಂದೆ ಅಣಕಿಸಿದ್ದಳು. ನನ್ನ ಮನೆಯ ತತ್ತಿಯನ್ನೇ ತಿನ್ನಿಸುತ್ತೇನೆ ಎಂದು ಇಂದ್ರಾಬಾಯಿ ಅಂದಿನಿಂದ ಹಟ ಹಿಡಿದು ಆ ಕೋಳಿಗಳನ್ನು ಸಾಕಿದ್ದಳು.

ಗಂಡ ಸಾಯಬಣ್ಣ ಕಟ್ಟಡದ ಕೆಲಸಕ್ಕೆ ಹೊರಟು ನಿಂತಿದ್ದ. "ಉಳದದ್ದೂ ಮಾರಿಬಿಡ್ತೀನಿ. ಮುಂಬಯ್ಯಾಗ ಮನಶ್ಯಾರಿಗೇ ಜಾಗ ಇಲ್ಲ, ಕೋಳಿ ಎಲ್ಲಿಡ್ತಿ?"

"ಮಾರ್ರಿ ನೋಡೂಣು," ಎಂದಳು ಇಂದ್ರಾಬಾಯಿ. "ಮೊದ್ಲ ನನ್ನ ದಾಟಿ ಹೋಗ್ರಿ."

ಎದುರು ಮನೆಯ ಶೆಟ್ಟೆಪ್ಪ ಹಲ್ಲುಜ್ಜುತ್ತಲೇ ಬಂದ. "ಯಕ್ಕಾ, ಇದು ಹಳಿ ಕಡೆ ನಾಯಿಗೋಳ ಕೆಲಸ. ಪಾವ್ ಬ್ರೆಡ್ಡಿನೊಳಗ ವಿಷಾ ಇಟ್ಟು ಒಗದ್ರ ಎಲ್ಲಾ ಖಲಾಸ್."

ಅಷ್ಟರಲ್ಲಿ ಸೇವಂತಿ ಬಂದಳು. ಅವಳು ಕಾರ್ಕಳದ ಕಡೆಯವಳು. ಗಂಡ ಅಣ್ಣು ಮಾಟುಂಗದ ಹೋಟೆಲಿನಲ್ಲಿ ಅಡುಗೆ ಕೆಲಸಕ್ಕಿದ್ದಾನೆ. ಅವನು ತರುವ ಉಳಿದ ಇಡ್ಲಿ, ಅನ್ನವನ್ನು ಕೋಳಿಗೆಂದು ದಿನಾ ಇಂದ್ರಾಬಾಯಿಗೆ ಕೊಡುವವಳು ಇವಳೇ.

"ಶೆಟ್ಟೆಪ್ಪ, ಎಂತ ಮಾತಾಡ್ತೀರಿ ನೀವು?" ಎಂದಳು ಸೇವಂತಿ. "ವಿಷ ಹಾಕುದು ಅಪರಾಧ, ಪೊಲೀಸ್ ಕೇಸ್ ಆಗ್ತದೆ. ಗಲ್ಲಿಯ ಮಕ್ಕಳು ಆ ಪಾವ್ ಹೆಕ್ಕಿ ತಿಂದ್ರೆ? ಇದೇ ಕೋಳಿಗಳು ಹೆಕ್ಕಿದ್ರೆ?"

ಸೇವಂತಿ ಅಂಗಳವನ್ನೆಲ್ಲ ನೋಡಿದಳು. ಮೋರಿಯ ಬದಿಗೆ ಮಲಗಿದ್ದ ಮೋತ್ಯಾನನ್ನೂ ನೋಡಿದಳು. ಮೋತ್ಯಾ ಇಂದ್ರಾಬಾಯಿಯ ಮನೆಯ ನಾಯಿ. ಅವನ ಮೀಸೆಯಲ್ಲಿ ಸಣ್ಣ ಪುಕ್ಕ ಅಂಟಿತ್ತು.

"ಇಂದ್ರಕ್ಕ, ಬೇಜಾರು ಮಾಡ್ಕೊಳ್ಬೇಡಿ. ಬೇರೆ ನಾಯಿಗಳೂ ಬಂದಿರ್ಬಹುದು. ಆದ್ರೆ ನಿಮ್ಮ ಮೋತ್ಯಾನೂ ಅದರಲ್ಲಿ ಉಂಟು."

ಇಂದ್ರಾಬಾಯಿ ಕಿಡಿಕಿಡಿಯಾದಳು. "ಮರಿ ಇದ್ದಾಗಿಂದ ನನ್ನ ಕೈಯಾಗ ಉಂಡದ ಅದು. ನಮ್ಮ ಮೋತ್ಯಾ ಅಂಥಾದ್ದಲ್ಲ. ಇನ್ನೊಮ್ಮೆ ಈ ಮಾತಾಡಬ್ಯಾಡ ನೀ."

"ಆಯ್ತು, ಮಾತು ಬೇಡ. ಅದಕ್ಕೆ ಹಗ್ಗ ಕಟ್ಟಿ ಹಿಡ್ಕೊಳ್ಳಿ. ಒಂದು ಕೋಳಿಯನ್ನು ದೂರದಲ್ಲಿ ನಡೆಸುವ. ನೀವೇ ನೋಡಿ."

ಸಾಯಬಣ್ಣ ಹಗ್ಗ ಹಿಡಿದ. ನಾನು ಕಂದು ಕೋಳಿಯನ್ನು ಆಚೆ ಗೋಡೆಯ ಬಳಿ ಬಿಟ್ಟೆ. ಮೋತ್ಯಾನ ಕಿವಿ ನೆಟ್ಟಗಾದವು. ಬಾಲ ಅಲ್ಲಾಡಲಿಲ್ಲ. ಮರುಕ್ಷಣ ಅವನು ಹಾರಿದ ರಭಸಕ್ಕೆ ಸಾಯಬಣ್ಣ ಮುಗ್ಗರಿಸಿ ಬೀಳುವುದೊಂದು ಬಾಕಿ. ಕೋಳಿಯನ್ನು ನಾನು ತಟ್ಟನೆ ಎತ್ತಿಕೊಂಡೆ. ಇಂದ್ರಾಬಾಯಿಯ ಮುಖ ನೋಡಲಾಗಲಿಲ್ಲ ನನಗೆ.

"ಇದಕ್ಕ ಈ ಬುದ್ಧಿ ಯಾರ್ ಕಲಿಸ್ಯಾರ?" ಎಂದಳು ಅವಳು.

"ಅಮಾವಾಸ್ಯೆಗೆ ದುರ್ಗವ್ವನಿಗೆ ಕೋಳಿ ಕೊಯ್ತೀರಲ್ಲ, ತಲೆ, ಕರುಳು ಎಲ್ಲಿ ಹಾಕ್ತೀರಿ?" ಎಂದು ಕೇಳಿದಳು ಸೇವಂತಿ.

"ಮನಿ ಕಾಯೂದಕ್ಕ ಅದರ ಪಾಲು ಕೊಡಬೇಕಲ್ಲ. ಮೋತ್ಯಾಗ ಹಾಕ್ತೀವಿ. ನಮ್ಮೂರಾಗ ಹೊಲದ ಕಡೆ ಒಯ್ದು ಹಾಕ್ತಿದ್ವಿ. ಇಲ್ಲಿ ಹೊಲ ಎಲ್ಲದ? ಬುಟ್ಟಿ ಬಾಜೂಕೇ ಹಾಕ್ತೀವಿ."

"ಅದೇ ನೋಡಿ. ಅದರ ಕಣ್ಣೆದುರೇ ಕೋಳಿ ಒದ್ದಾಡ್ತದೆ, ಬುಟ್ಟಿಯ ಪಕ್ಕದಲ್ಲೇ ಅದಕ್ಕೆ ಬಿಸಿ ಕರುಳು ಸಿಗ್ತದೆ. ಕೋಳಿ ಅಂದ್ರೆ ತನ್ನ ಪಾಲು ಅಂತ ಅದು ಕಲಿತದೆ. ನಾನು ಕೊಟ್ಟ ಇಡ್ಲಿಯನ್ನು ನೀವು ಅಂಗಳ ತುಂಬ ಚೆಲ್ತೀರಿ, ಆ ವಾಸನೆಗೆ ಹಳಿ ಕಡೆಯವೂ ಬರ್ತವೆ. ನಡುವೆ ಇರುದು ಒಂದು ಬುಟ್ಟಿ, ಒಂದು ಕಲ್ಲು. ಸಾಕಾಗ್ತದಾ ಮಾರಾಯ್ತಿ?"

ಸಾಯಬಣ್ಣ ಬಡಿಗೆ ಎತ್ತಿದ. "ಇದನ್ನ ಇವತ್ತ ಟೆಂಪೋದಾಗ ಒಯ್ದು ದೂರ ಬಿಟ್ಟು ಬರ್ತೀನಿ."

ಇಂದ್ರಾಬಾಯಿ ಬಡಿಗೆಯನ್ನು ಗಾಳಿಯಲ್ಲೇ ಹಿಡಿದಳು. "ಕಲಿಸ್ದವ್ರು ನಾವು, ಹೊಡ್ತ ಇದಕ್ಕ್ಯಾಕ? ಕೋಳಿನೂ ಇಲ್ಲೇ ಇರ್ತಾವ, ಮೋತ್ಯಾನೂ ಇಲ್ಲೇ ಇರ್ತದ. ಯಾರಿಗೆ ಆಗಂಗಿಲ್ಲ ಅವ್ರು ಹೋಗ್ರಿ."

ಅಬ್ಬಾ, ಆ ಹೆಂಗಸಿನ ಗಂಟಲು. ಸಾಯಬಣ್ಣ ಬಡಿಗೆ ಕೆಳಗಿಟ್ಟು, "ಏನ್ ಮಾಡ್ಬೇಕು ಹೇಳ್ರಿ ಸೇವಂತಿಬಾಯಿ," ಎಂದು ಕೇಳಿದ. ಗಂಡಸೊಬ್ಬ ಹೆಂಗಸಿನ ಹತ್ತಿರ ಹಾಗೆ ಕೇಳಿದ್ದನ್ನು ನಮ್ಮ ಗಲ್ಲಿ ಮೊದಲ ಸಲ ಕಂಡಿತು.

ಭಾನುವಾರ ಸಾಯಬಣ್ಣ ಸೈಟಿನ ಮೇಸ್ತ್ರಿಯನ್ನು ಕೇಳಿ ಬೇಡವಾದ ಹಲಗೆಗಳನ್ನು ತಂದ. ಸೇವಂತಿ ತನ್ನ ತವರಿನ ಕೋಳಿಗೂಡು ಹೇಗಿತ್ತೆಂದು ಹೇಳುತ್ತಾ ನಿಂತಳು. ಸೊಂಟದೆತ್ತರದ ಕಾಲುಗಳ ಮೇಲೆ ಗೂಡು ನಿಂತಿತು. ಅವನು ಮೊದಲು ಸೊಳ್ಳೆ ಪರದೆಯಂಥ ತೆಳು ಬಲೆ ತಂದಿದ್ದ. ಅದನ್ನು ನಾಯಿ ಹಲ್ಲಿನಲ್ಲೇ ಹರಿಯುತ್ತದೆ ಎಂದು ಸೇವಂತಿ ವಾಪಸು ಕಳಿಸಿದಳು. ಗಟ್ಟಿ ತಂತಿಯ, ಸಣ್ಣ ಕಣ್ಣಿನ ಜಾಲರಿ ಬಂತು. ಗೂಡಿನ ಸುತ್ತ ಅದನ್ನು ನೆಲದವರೆಗೆ ಇಳಿಸಿ, ಅಂಚನ್ನು ನೆಲದ ಮೇಲೆ ಹೊರಕ್ಕೆ ಮಡಚಿ ಇಟ್ಟಿಗೆ ಹೇರಿದರು, ನಾಯಿ ಕೆದರಿ ಒಳಗೆ ನುಗ್ಗಬಾರದಲ್ಲ. ಬಾಗಿಲಿಗೆ ದಾರ ಕಟ್ಟಲು ಹೋದ ಸಾಯಬಣ್ಣನಿಗೆ ಬೈಗುಳವೂ ಬಿತ್ತು. ಕೊನೆಗೆ ಕಬ್ಬಿಣದ ಚಿಲಕವನ್ನೇ ಹಾಕಿದ.

ಮೋತ್ಯಾನ ಪಾಠ ನಿಧಾನವಾಗಿ ನಡೆಯಿತು. ಇಂದ್ರಾಬಾಯಿ ಅವನ ಹೊಟ್ಟೆ ತುಂಬಿಸಿ, ಹಗ್ಗ ಹಿಡಿದು ಗೂಡಿನಿಂದ ದೂರ ಕೂರುವಳು. ಅವನು ಕೋಳಿಯ ಮೇಲಿನ ಕಣ್ಣು ತೆಗೆದು ಅವಳತ್ತ ನೋಡಿದರೆ ಒಂದು ಬಿಸ್ಕೀಟು. ಹಗ್ಗ ಜಗ್ಗಿದರೆ ಎದ್ದು ಇನ್ನೂ ದೂರ. ಹೊಡೆತವಿಲ್ಲ, ಚೀರಾಟವಿಲ್ಲ. ಈಗ ಅವನು ಕೋಳಿ ಕಂಡರೆ ಅವಳ ಮುಖ ನೋಡುತ್ತಾನೆ. ಆದರೂ ಅವನೊಬ್ಬನನ್ನೇ ಕೋಳಿಗಳ ಜೊತೆ ಬಿಡುವುದಿಲ್ಲ. ಅಮಾವಾಸ್ಯೆಯ ಕರುಳು ಚೀಲ ಸೇರಿ ಕಸದ ಗಾಡಿಗೆ ಹೋಗುತ್ತದೆ. ದುರ್ಗವ್ವ ಇದಕ್ಕೆಲ್ಲ ಸಿಟ್ಟಾಗುವವಳಲ್ಲ.

ಒಂದು ಸಂಜೆ ಹಳಿ ಕಡೆಯ ನಾಯಿಗಳು ಬಂದೇ ಬಂದವು. ಇನ್ನೂ ಬೆಳಕಿತ್ತು, ಕೋಳಿಗಳು ಆಗಲೇ ಗೂಡು ಸೇರಿದ್ದವು. ಶೆಟ್ಟೆಪ್ಪ ಕಲ್ಲು ಹಿಡಿದು ಓಡಿ ಬಂದ. ಇಂದ್ರಾಬಾಯಿ ಕೈ ಅಡ್ಡ ಹಿಡಿದಳು. "ಒಗೀಬ್ಯಾಡ. ನೋಡ್ತಾ ನಿಂದ್ರು."

ಒಂದು ನಾಯಿ ಜಾಲರಿ ಕಚ್ಚಿತು. ಇನ್ನೊಂದು ಕೆಳಗೆ ಕೆದರಿ ತಂತಿಗೆ ಉಗುರು ತಾಗಿಸಿಕೊಂಡಿತು. ಒಳಗೆ ಕೋಳಿಗಳು ಕೊಕ್ಕೊಕ್ಕೆಂದು ಬೈದವು. ಇಡ್ಲಿ, ಅನ್ನವನ್ನು ಈಗ ಗೂಡಿನೊಳಗೇ ಹಾಕುವುದರಿಂದ ಅಂಗಳದಲ್ಲಿ ಒಂದು ಅಗಳೂ ಇರಲಿಲ್ಲ. ನಾಯಿಗಳು ಸ್ವಲ್ಪ ಹೊತ್ತು ಮೂಸಾಡಿ ಬಂದ ದಾರಿ ಹಿಡಿದವು.

"ಭಾರಿ ಆಯ್ತಲ್ಲ ಯಕ್ಕಾ," ಎಂದ ಶೆಟ್ಟೆಪ್ಪ.

"ಇನ್ನ ವಿಷದ ಮಾತು ಈ ಗಲ್ಲಿಯೊಳಗ ಬರಬಾರ್ದು," ಎಂದಳು ಇಂದ್ರಾಬಾಯಿ.

ಸಪ್ನಾ ಬಂದಳು, ಹೆತ್ತಳು. ಮೊಮ್ಮಗಳನ್ನು ನೋಡಲು ಬಂದ ಬೀಗತಿಯ ತಟ್ಟೆಗೂ ಇಂದ್ರಾಬಾಯಿ ಬೇಯಿಸಿದ ತತ್ತಿ ಹಾಕಿದಳು. "ಈ ಖೋಲಿದೇ ಅದ, ತಿನ್ರಿ," ಎಂದಳು. ಬೀಗತಿ ತಿಂದಳು. ನಾನು ಬಾಗಿಲಲ್ಲೇ ನಿಂತು ನೋಡಿದೆ, ಹೊಟ್ಟೆ ತಣ್ಣಗಾಯಿತು.

ಕೇಳುತ್ತಿರುವ ಅಕ್ಕಂದಿರೇ, ಕೋಳಿ ಬೇಡ ಎಂದು ನಿಮಗೂ ಹೇಳುವವರಿದ್ದಾರೆ. ಬಗ್ಗಬೇಡಿ. ನಾಯಿಗೆ ವಿಷ ಹಾಕೋಣ ಎನ್ನುವವರೂ ಇದ್ದಾರೆ. ಅವರ ಎದುರು ನಿಲ್ಲಿ. ಮನೆಯ ನಾಯಿಗೆ ರೇಬೀಸ್ ಲಸಿಕೆ ಹಾಕಿಸಿ. ಬೀದಿ ನಾಯಿಗಳ ಸಂತಾನಹರಣಕ್ಕೂ ಲಸಿಕೆಗೂ ಮುನಿಸಿಪಾಲ್ಟಿಯನ್ನು ಕೇಳಿ, ಬರುವ ತನಕ ಕೇಳುತ್ತಲೇ ಇರಿ. ಕೋಳಿಯನ್ನು ಬಿಡಿಸಲು ಹೋದಾಗ ನಾಯಿ ಕಚ್ಚಿದರೆ ಸುಣ್ಣ, ಖಾರ ಹಚ್ಚುತ್ತಾ ಕೂರಬೇಡಿ. ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಕಾಲು ಗಂಟೆ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ, ಹೇಳಿದಷ್ಟು ಸೂಜಿಯನ್ನೂ ಪೂರ್ತಿ ತೆಗೆದುಕೊಳ್ಳಿ.

ಈಗ ಎದ್ದು ಮನೆಗೆ ಹೋದ ಕೂಡಲೇ ನಿಮ್ಮ ಗೂಡಿನ ಬಾಗಿಲನ್ನು ಕೈಯಿಂದ ಜೋರಾಗಿ ಜಗ್ಗಿ ನೋಡಿ. ನಿಮ್ಮ ಕೈಗೆ ತೆರೆದುಕೊಂಡರೆ ನಾಯಿಯ ಮೂತಿಗೂ ತೆರೆದುಕೊಳ್ಳುತ್ತದೆ. ಹಾಗಿದ್ದರೆ ಇವತ್ತೇ ಚಿಲಕ ಹಾಕಿಸಿ, ನಾಳೆ ಪುಕ್ಕ ಗುಡಿಸುತ್ತಾ ಅಳಬೇಡಿ.