ಖಾಲಿ ಇರಬೇಕಾಗಿದ್ದ ಮಂಚ

ತ್ಸಿಯೂರಿ ಮಂಚದ ಮೇಲೆ ಕಾಲು ಚಾಚಿ ಕೂತು ಸೂರ್ಯಕಾಂತಿ ಬೀಜ ಸುಲಿದು ತಿನ್ನುತ್ತಿದ್ದಳು. ಸಿಪ್ಪೆಯೆಲ್ಲ ಹೊದಿಕೆಯ ಮೇಲೆ. ಬಾಗಿಲು ತೆಗೆದು ಒಳಗೆ ಕಾಲಿಟ್ಟ ಮಕ್ವಾಲಾಳಿಗೆ ಅದನ್ನು ಕಂಡದ್ದೇ ಮೈ ಉರಿದುಹೋಯಿತು.

"ಆ ಮನೆಗೂ ಬೇಡ ಅಂದ್ಯಂತೆ?"

"ಹೂಂ ಅಕ್ಕಾ."

"ಈ ಸಲ ಏನು ಕೊಂಕು? ಬೆಕ್ಕಿತ್ತಾ? ಮುದುಕ ದಪ್ಪ ಇದ್ನಾ?"

"ಬಾಗಿಲಿರ್ಲಿಲ್ಲ."

"ಬಾಗಿಲಿಲ್ದೆ ಒಳಗೆ ಹೆಂಗೆ ಹೋದೆ, ಗೋಡೆ ಹಾರಿದ್ಯಾ?"

"ನಾನು ಮಲಗೋ ಜಾಗಕ್ಕೆ ಇರ್ಲಿಲ್ಲ. ಮುದುಕನ ಕೋಣೇಲೇ ಒಂದು ಸೋಫಾ ತೋರಿಸಿದ್ರು. ಬಾಗಿಲಿರೋ ಕೋಣೆ ಕೊಡಿ, ಬರ್ತೀನಿ ಅಂದೆ."

ಮಕ್ವಾಲಾ ಕೈಚೀಲವನ್ನು ಮೇಜಿನ ಮೇಲೆ ಕುಕ್ಕಿದಳು. ಒಳಗಿದ್ದ ಚೀಸು ಹಿಟ್ಟು ಎರಡೂ ಒಂದಾದವೋ ಏನೋ.

ಇಟಲಿಯ ಬಾರಿ ಪಟ್ಟಣದಲ್ಲಿ ಮುದುಕ ಮುದುಕಿಯರನ್ನು ನೋಡಿಕೊಳ್ಳುವ, ಜಾರ್ಜಿಯಾ ದೇಶದಿಂದ ಬಂದ ಹೆಂಗಸರಿಗೆ ಕೆಲಸವೂ ಮಲಗುವ ಜಾಗವೂ ಒಂದೇ ಮನೆಯಲ್ಲಿ. ಮುದುಕ ಸತ್ತನೋ, ಎರಡೂ ಒಟ್ಟಿಗೆ ಹೋದವು. ಮಣ್ಣು ಮಾಡಿ ಬಂದ ಮಕ್ಕಳು ಮೊದಲು ಕೇಳುವುದು ಮನೆಯ ಕೀಲಿ. ಹಾಗೆ ಬೀದಿಗೆ ಬಿದ್ದವಳೊಬ್ಬಳು ರೈಲು ನಿಲ್ದಾಣದ ಬೆಂಚಿನಲ್ಲಿ ಚಳಿ ಹಿಡಿದು ಆಸ್ಪತ್ರೆ ಸೇರಿದ ಮೇಲೆ ಇವರೆಲ್ಲ ಹಣ ಕೂಡಿಸಿ ನಿಲ್ದಾಣದ ಹಿಂದಿನ ಬೀದಿಯಲ್ಲಿ ಈ ಕೋಣೆ ಬಾಡಿಗೆಗೆ ಹಿಡಿದಿದ್ದರು. ಒಂದೇ ಕಬ್ಬಿಣದ ಮಂಚ. ಒಬ್ಬಳು ಉಳಿಯಬಹುದು, ಇಬ್ಬರು ಕಂಡರೆ ಎಲ್ಲರನ್ನೂ ಹೊರಗೆ ಹಾಕುತ್ತೇನೆ ಎಂದು ಮಾಲೀಕ ಮೊದಲೇ ಹೇಳಿದ್ದ. ಗುರುವಾರ ಮಧ್ಯಾಹ್ನ ಎಲ್ಲರಿಗೂ ರಜೆ, ಅಷ್ಟು ಹೊತ್ತು ಮಾತ್ರ ಅವನ ತಕರಾರಿಲ್ಲ. ಆಗ ಎಲ್ಲರೂ ಬಂದು ಚೀಸಿನ ರೊಟ್ಟಿ ಬೇಯಿಸಿ, ಅತ್ತು, ನಕ್ಕು, ಕತ್ತಲಾಗುವುದರೊಳಗೆ ಹೋಗಬೇಕು. ಮಂಚ ಮಾತ್ರ ಯಾರ ಮನೆಯಲ್ಲಿ ಸಾವಾಗುತ್ತದೋ ಅವಳಿಗೆ, ಇನ್ನೊಂದು ಮನೆ ಸಿಗುವವರೆಗೆ. ಉಳಿದಂತೆ ಅದು ಖಾಲಿ ಇರಬೇಕು.

ಖಾಲಿ ಎಲ್ಲಿಯದು? ತ್ಸಿಯೂರಿಯ ಮುದುಕ ಸತ್ತದ್ದು ವಸಂತದಲ್ಲಿ. ಈಗ ಬೇಸಿಗೆ ಕಳೆಯುತ್ತ ಅಂಜೂರ ಹಣ್ಣಾಗಿ ಮಾರುಕಟ್ಟೆಗೆ ಬಂದಿತ್ತು. ಇತ್ತ ಮಕ್ವಾಲಾ ನೋಡಿಕೊಳ್ಳುತ್ತಿದ್ದ ಅಜ್ಜಿ ನುಂತ್ಸಿಯಾ ಗಂಜಿಯನ್ನೂ ನುಂಗಲಾರದೆ ದಿನ ಎಣಿಸುತ್ತಿದ್ದಳು. ಅಜ್ಜಿ ಹೋದರೆ ತಾನೆಲ್ಲಿ ತಲೆಯಿಡುವುದು?

ಅಷ್ಟರಲ್ಲಿ ಉಳಿದವರೂ ಬಂದರು. ಎಲ್ಲರಿಗಿಂತ ಬಾಯಿ ಜೋರಿನ ಲಮಾರಾ ಬಂದವಳೇ, "ನಿನ್ನ ಅಜ್ಜಿ ಹೆಂಗಿದಾಳೆ?" ಎಂದಳು. ಇವರಲ್ಲಿ ಗಂಡ ಮಕ್ಕಳ ಸುದ್ದಿಗಿಂತ ಮೊದಲು ಕೇಳುವ ಮಾತು ಅದು.

"ಇದಾಳೆ. ನನ್ನ ಕೇಳ್ಬೇಡ, ಇವಳನ್ನ ಕೇಳು. ರಾಣಿಯವರಿಗೆ ಬಾಗಿಲಿರೋ ಕೋಣೆ ಬೇಕಂತೆ."

"ಒಬ್ಬ ಬಡಗಿಗೆ ಕೊಟ್ಟು ಮದುವೆ ಮಾಡ್ಬಿಡೋಣ ಬಿಡು," ಎಂದಳು ಲಮಾರಾ. ಎಲ್ಲರೂ ನಕ್ಕರು.

ತ್ಸಿಯೂರಿ ನಗಲಿಲ್ಲ. "ಬುಧವಾರದ ಶಿಬಿರದಲ್ಲಿ ಹೇಳಿದ್ರು. ಮನೇಲೇ ಉಳಿದು ಕೆಲಸ ಮಾಡೋರಿಗೆ ಮರ್ಯಾದೆಯ ಜಾಗ ಕೊಡ್ಬೇಕು ಅಂತ ಕಾನೂನಲ್ಲೇ ಇದೆ."

"ಆಹಾ, ಬುಧವಾರದ ಶಿಬಿರ!" ಮಕ್ವಾಲಾಳ ದನಿ ಮಾಳಿಗೆ ಮುಟ್ಟಿತು. ವಲಸಿಗ ಹೆಂಗಸರ ಸಬಲೀಕರಣವೆಂದು ಯಾರೋ ಸಂಘದವರು ನಡೆಸುತ್ತಿದ್ದ ಶಿಬಿರ ಅದು. ಬುಧವಾರ ಯಾವ ಹೆಂಗಸಿಗೂ ರಜೆಯಿಲ್ಲವೆಂದು ಅವರಿಗೆ ಎಷ್ಟು ಹೇಳಿದರೂ ತಲೆಗೆ ಹೋಗಿರಲಿಲ್ಲ. "ಕೆಲಸ ಇಲ್ದೋಳು ನೀನೊಬ್ಳೇ, ಹೋಗಿ ಸಬಲ ಆಗಿ ಬಂದೆ. ನಾವು ಇಲ್ಲಿ ಒದ್ದಾಡಿ ಸಾಯೋದು!"

"ಮೂರು ವರ್ಷ ಆ ಸತ್ತೋದ ಮುದುಕನ ಕೆಮ್ಮು ಕೇಳ್ತಾ ಮಲಗಿದೀನಿ. ಬಟ್ಟೆ ಬದಲಾಯಿಸೋಕೂ ಬಚ್ಚಲಿಗೆ ಹೋಗ್ಬೇಕು, ಮಗಳ ಹತ್ರ ಫೋನಲ್ಲಿ ಅಳೋಕೂ ಬಚ್ಚಲಿಗೇ ಹೋಗ್ಬೇಕು. ಸಾಕು ಅಕ್ಕಾ."

"ನಾನು ಆರು ವರ್ಷದಿಂದ ನುಂತ್ಸಿಯಾ ಕಾಲ್ದೆಸೇಲಿ ಮಲಗ್ತಿಲ್ವಾ? ನಂಗೇನಾಗಿದೆ?"

"ಏನಾಗಿದೆ ಅಂತ ನೋಡ್ತಾನೇ ಇದೀನಲ್ಲ," ಎಂದು ತ್ಸಿಯೂರಿ ಇನ್ನೊಂದು ಬೀಜ ಬಾಯಿಗೆ ಹಾಕಿಕೊಂಡಳು.

ಆವತ್ತು ರೊಟ್ಟಿ ಸೀದುಹೋಯಿತು. ಬರುವ ಗುರುವಾರದೊಳಗೆ ಯಾವ ಮನೆ ಸಿಕ್ಕರೂ ತ್ಸಿಯೂರಿ ಹೋಗಲೇಬೇಕು ಎಂದು ಎಲ್ಲರೂ ಸೇರಿ ತೀರ್ಮಾನಿಸಿದರು.

ನುಂತ್ಸಿಯಾ ಅಷ್ಟು ದಿನ ಕಾಯಲಿಲ್ಲ. ಸೋಮವಾರ ಬೆಳಿಗ್ಗೆ ಮಕ್ವಾಲಾ ಹಾಲಿಗೆ ಬಿಸ್ಕತ್ತು ಅದ್ದಿ ತಿರುಗುವುದರೊಳಗೆ ಉಸಿರು ನಿಂತಿತ್ತು. ಮಕ್ವಾಲಾಳೇ ಮೈ ತೊಳೆದು, ಕೂದಲು ಬಾಚಿ, ಕಪ್ಪು ಅಂಗಿ ತೊಡಿಸಿ, ಕೈಗೆ ಜಪಮಾಲೆ ಸುತ್ತಿದಳು. ಮರುದಿನ ಮಣ್ಣು ಮಾಡಿ ಬಂದ ಸೊಸೆ ಅವಳನ್ನು ತಬ್ಬಿಕೊಂಡು ಅತ್ತು, "ನೀನು ನಮ್ಮ ಮನೆಯವಳೇ ಆಗ್ಬಿಟ್ಟಿದ್ದೆ. ಕೀಲಿ ಆ ಮೇಜಿನ ಮೇಲಿಟ್ಟು ಹೋಗು" ಎಂದಳು.

ಚೀಲ ಎಳೆದುಕೊಂಡು ಬಂದ ಮಕ್ವಾಲಾಳನ್ನು ಕಂಡದ್ದೇ ತ್ಸಿಯೂರಿ ಎದ್ದು ಸಿಪ್ಪೆ ಕೊಡವಿ, ಒಗೆದ ಹೊದಿಕೆ ಹಾಸಿ, "ಮಲಕ್ಕೋ" ಎಂದಳು.

"ನೀನು?"

"ಚೌಕದ ಕಾರಂಜಿ ಹತ್ರ ಕೂತಿರ್ತೀನಿ. ಆ ಮಾಲೀಕ ಬಂದ್ರೆ ನೀನೊಬ್ಳೇ ಇರ್ಬೇಕಲ್ಲ." ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು.

ಮಕ್ವಾಲಾ ಮಲಗಿದಳು. ಕಣ್ಣು ಹತ್ತಿದಾಗೆಲ್ಲ ಬೆಚ್ಚಿ ಎದ್ದು ಕಿವಿಗೊಡುತ್ತಿದ್ದಳು. ಪಕ್ಕದಲ್ಲಿ ಯಾರ ಉಸಿರೂ ಇಲ್ಲ, ಕರೆಯುವವರಿಲ್ಲ. ಎದ್ದು ಚಿಲಕ ಹಾಕಿ ಬಂದು, ಬಿಗಿಯಾದ ಒಳ ಅಂಗಿಯನ್ನೂ ಕಳಚಿ ಬಿಸಾಕಿ ಮತ್ತೆ ಮಲಗಿದಳು. ಆರು ವರ್ಷದಲ್ಲಿ ಹಾಗೆ ಮಲಗಿರಲಿಲ್ಲ. ಸಂಜೆ ಎಚ್ಚರವಾದಾಗ ಮೈ ಹಗುರವಾಗಿತ್ತು, ತ್ಸಿಯೂರಿಯ ಮೇಲಿನ ಸಿಟ್ಟು ಇನ್ನಷ್ಟು ಹೆಚ್ಚಾಗಿತ್ತು. ಯಾಕೆಂದು ಅವಳಿಗೇ ತಿಳಿಯಲಿಲ್ಲ. ಕತ್ತಲಾದ ಮೇಲೆ ತ್ಸಿಯೂರಿ ಮಾಲೀಕನ ಕಣ್ಣು ತಪ್ಪಿಸಿ ಬಂದು ನೆಲದ ಮೇಲೆ ಮಲಗಿದಳು.

ಮರುದಿನ ಸೋಫಾ ಮನೆಯ ಮುದುಕನ ಮಗಳು ಲೊರೆದಾನಾ ತಾನೇ ಹುಡುಕಿಕೊಂಡು ಬಂದಳು. "ನೀವು ಖಾಲಿ ಇದೀರಂತೆ. ನೀವಾದ್ರೂ ಬನ್ನಿ. ಸೋಫಾ ಮೆತ್ತಗಿದೆ."

ಬರ್ತೀನಿ ಎನ್ನಲು ಮಕ್ವಾಲಾ ಬಾಯಿ ತೆರೆದಳು. ಹೊರಬಿದ್ದದ್ದು ಬೇರೆಯೇ ಮಾತು.

"ಬಾಗಿಲಿದೆಯಾ?"

"ನಿಮಗೆಲ್ಲ ಬಾಗಿಲಿನ ಹುಚ್ಚು ಹಿಡಿದಿದೆಯಾ!" ಎಂದು ಲೊರೆದಾನಾ ಮೆಟ್ಟು ಕುಟ್ಟಿಕೊಂಡು ಹೋದಳು.

ಮಕ್ವಾಲಾ ತಿರುಗಿ ತ್ಸಿಯೂರಿಯ ಮೇಲೆ ಹರಿಹಾಯ್ದಳು. "ನೋಡು, ನಿನ್ನ ರೋಗ ನಂಗೂ ಅಂಟ್ತು! ಇಬ್ರು ಹೆಂಗಸ್ರು, ಒಂದು ಮಂಚ. ನಾಳೆ ಲಮಾರಾ ನೋಡ್ಕೊಳ್ಳೋ ಮುದುಕಿ ಗೊಟಕ್ ಅಂದ್ರೆ ಅವಳನ್ನ ಒಲೆ ಮೇಲೆ ಮಲಗಿಸ್ಲಾ?"

ಗುರುವಾರ ಎಲ್ಲರೂ ಸೇರಿದಾಗ ಬೈಗುಳ ಇಬ್ಬರಿಗೂ ಬಿತ್ತು. ಮಕ್ವಾಲಾ ಮೇಜು ಗುದ್ದಿದಳು. "ಬಾಗಿಲು ಕೊಡೋವರೆಗೂ ಆ ಸೋಫಾಕ್ಕೆ ಯಾರೂ ಹೋಗ್ಕೂಡ್ದು. ಹೋದೋಳ ಮುಖ ನಾನು ನೋಡಲ್ಲ."

"ಹೋದ ವಾರ ಬೇರೆ ರಾಗ ಹಾಡ್ತಿದ್ದೆ," ಎಂದಳು ಲಮಾರಾ.

"ಹೋದ ವಾರ ನಂಗೆ ಬುದ್ಧಿ ಇರ್ಲಿಲ್ಲ. ಬಾಯಿ ಮುಚ್ಕೊಂಡು ಹಿಟ್ಟು ನಾದು."

"ನಾನೇನೂ ಹೋಗಲ್ಲ ಮಾರಾಯ್ತಿ. ನಿನ್ನೆ ಚೌಕದಲ್ಲಿ ನನ್ನೂ ಕೇಳಿದ್ಲು. ಬಾಗಿಲಿದೆಯಾ ಅಂತ ತಮಾಷೆಗೆ ಕೇಳಿದೆ, ಕೆಂಪಗಾಗಿ ಹೋದ್ಲು."

ರೊಟ್ಟಿ ಬೇಯುವುದರೊಳಗೆ ಲೊರೆದಾನಾ ಮತ್ತೆ ಬಂದಳು. ತಲೆ ಬಾಚಿರಲಿಲ್ಲ, ಒಂದು ವಾರ ಅಪ್ಪನ ಕೋಣೆಯ ಅದೇ ಸೋಫಾದಲ್ಲಿ ತಾನೇ ಮಲಗಿದ್ದಳಂತೆ. "ಹಳೆ ಸಾಮಾನು ತುಂಬಿದ ಒಂದು ಕೋಣೆ ಇದೆ," ಎಂದಳು. "ಬಾಗಿಲಿದೆ."

"ಒಳಗಿನಿಂದ ಚಿಲಕ?" ಎಂದಳು ಮಕ್ವಾಲಾ.

"ಹಾಕಿಸ್ತೀನಿ."

"ಸಾಮಾನು ಹೊರಗೆ ಹಾಕಿ. ನಾಳೆ ಬಂದು ಚಿಲಕ ಹಾಕಿ ತೆಗೆದು ನೋಡಿ ಆಮೇಲೆ ಮಾತು."

"ಹೋಗೋದು ನಾನು," ಎಂದಳು ತ್ಸಿಯೂರಿ. "ಆ ಬಾಗಿಲು ಕೇಳಿದ್ದು ನಾನು. ನೀನು ನಿಂದು ಹುಡುಕ್ಕೋ."

ಮರುದಿನ ಚಿಲಕ ಪರೀಕ್ಷೆ ಮುಗಿಸಿ, ತ್ಸಿಯೂರಿಯನ್ನು ಅಲ್ಲೇ ಬಿಟ್ಟು, ಮಕ್ವಾಲಾ ಒಬ್ಬಳೇ ಕೋಣೆಗೆ ಬಂದಳು. ಹಾಸಿಗೆ ಕೊಡವಲು ಎತ್ತಿದರೆ ಅಡಿಯಲ್ಲೆಲ್ಲ ಸೂರ್ಯಕಾಂತಿ ಸಿಪ್ಪೆ. ಫೋನು ತೆಗೆದು ಗಂಟಲು ಕಿತ್ತುಹೋಗುವಂತೆ ಬೈಯತೊಡಗಿದಳು.

"ನಿಧಾನ ಅಕ್ಕಾ," ಎಂದಿತು ಆ ಕಡೆಯ ದನಿ. "ಚಿಲಕ ಹಾಕ್ಕೊಂಡಿದೀನಿ. ಎಷ್ಟು ಬೇಕಾದ್ರೂ ಬೈಯಿ, ಯಾರಿಗೂ ಕೇಳ್ಸಲ್ಲ."