ಕೊನೆಯ ಬೆಂಚಿಗೆ ಒಂದು ಒರೆ

ನಡೀನ್ ಪ್ರುವಿಟ್ ಕಂಕುಳಲ್ಲಿ ಇಟ್ಟುಕೊಂಡು ಬಂದ ರಟ್ಟಿನ ಪೆಟ್ಟಿಗೆಯಲ್ಲಿ ಏನಿದೆಯೆಂದು ಕುದುರೆಯ ಜೀನು, ಒರೆ ಹೊಲಿಯುವ ಅಂಗಡಿಯ ಓಲೀಟಾ ಹ್ಯಾಸ್ಕ್ಯೂಗೆ ಮುಚ್ಚಳ ತೆಗೆಯುವ ಮೊದಲೇ ಗೊತ್ತಾಯಿತು. ಅಂಗಿಯ ಮರೆಯಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡುವವರ ಮನೆಗಳಲ್ಲೆಲ್ಲ ಅಂಥದೊಂದು ಪೆಟ್ಟಿಗೆ ಇದ್ದೇ ಇರುತ್ತದೆ. ಆಸೆಯಿಂದ ಕೊಂಡು, ವಾರವೊಪ್ಪತ್ತು ತೊಟ್ಟು, ಚುಚ್ಚುತ್ತದೆಂದು ಮೂಲೆಗೆ ಹಾಕಿದ ಒರೆಗಳ ಪೆಟ್ಟಿಗೆ. ಇದರಲ್ಲಿಯೂ ಅವೇ ಇದ್ದವು: ಗಡುಸು ಪ್ಲಾಸ್ಟಿಕ್ಕಿನದು, ಬೆವರು ಹೀರಿ ಗಬ್ಬು ನಾರುವ ಬಟ್ಟೆಯದು, ದಿಂಬಿನಂತೆ ಉಬ್ಬಿದ ಇನ್ನೊಂದು. ಎಲ್ಲಕ್ಕಿಂತ ಅಡಿಯಲ್ಲಿ, ಕಾಫಿಯ ಬಣ್ಣಕ್ಕೆ ತಿರುಗಿದ ಹಳೆಯ ಚರ್ಮದ ಒರೆಯೊಂದು.

"ಇದು ನಮ್ಮಪ್ಪ ಮಾಡಿದ್ದು," ಎಂದಳು ಓಲೀಟಾ, ಅದರ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸುತ್ತ.

"ಹೂಂ. ಅದನ್ನ ಸೊಂಟಕ್ಕೆ ಸಿಕ್ಕಿಸ್ಕೊಂಡೇ ವೆಲ್ಡನ್ ಅಷ್ಟು ವರ್ಷ ದನಗಳ್ಳರ ಹಿಂದೆ ಅಲೆದಿದ್ದು. ಈಗ ಅದೂ ಚುಚ್ಚುತ್ತೆ. ಚುಚ್ಚುತ್ತೆ ಅಂತ ಬಾಯಿ ಬಿಟ್ಟು ಹೇಳ್ತಾನಾ? ಇಲ್ಲ. ಪೋಸ್ಟಲ್ಲಿ ಒಂದೊಂದೇ ಹೊಸದು ತರಿಸ್ತಾನೆ, ನಾನು ನೋಡದೆ ಇರೋವಾಗ ಪೆಟ್ಟಿಗೆಗೆ ಹಾಕ್ತಾನೆ. ನಾನು ಇಲ್ಲಿಗೆ ಬಂದಿದ್ದು ಅವನಿಗೆ ಗೊತ್ತಿಲ್ಲಮ್ಮ. ಮೊಟ್ಟೆ ತರ್ತೀನಿ ಅಂತ ಹೇಳಿ ಬಂದಿದ್ದೀನಿ."

ನಡೀನ್‌ರ ಗಂಡ ವೆಲ್ಡನ್ ಪ್ರುವಿಟ್‌ರ ಕಷ್ಟ ಏನೆಂದು ಬ್ಯಾಲಿಂಜರ್ ಊರಿನಲ್ಲಿ ಯಾರಿಗೂ ವಿವರಿಸಿ ಹೇಳಬೇಕಾಗಿರಲಿಲ್ಲ. ಚರ್ಚಿನ ಕೊನೆಯ ಬೆಂಚಿನಲ್ಲಿ, ಬಾಗಿಲ ಪಕ್ಕದ ತುದಿಯಲ್ಲಿ, ಕಾವಲಿಗೆಂಬಂತೆ, ಅವರು ಕೂರುತ್ತಿದ್ದರು. ಅಲ್ಲಿ ಕೂರಬೇಕೆಂದು ಯಾರೂ ನೇಮಿಸಿರಲಿಲ್ಲ. ಆದರೆ ಅವರ ಕೋಟಿನ ಮರೆಯಲ್ಲಿ ಏನಿದೆಯೆಂದು ಎಲ್ಲರಿಗೂ ತಿಳಿದಿತ್ತು, ಮತ್ತು ಮುಂದಿನ ಸಾಲುಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡ ತಾಯಂದಿರು ಬಾಗಿಲು ಸದ್ದಾದಾಗ ಹಿಂತಿರುಗಿ ನೋಡುತ್ತಿರಲಿಲ್ಲ. ಹೋದ ಚಳಿಗಾಲದಲ್ಲಿ ವೆಲ್ಡನ್‌ರ ಬಲಸೊಂಟದ ಕೀಲನ್ನು ಬದಲಾಯಿಸಿದ ಮೇಲೆ ಎಲ್ಲ ಕೆಟ್ಟಿತು. ಆ ಸೊಂಟದ ಹಿಂದೆಯೇ ಅವರ ರಿವಾಲ್ವರ್ ಇರುತ್ತಿದ್ದುದು. ಬೆಂಚಿನ ಒರಗುಮರಕ್ಕೂ ಹೊಸ ಕೀಲಿಗೂ ನಡುವೆ ಸಿಕ್ಕಿಕೊಂಡ ಕಬ್ಬಿಣದ ಉಂಡೆಯ ಮೇಲೆ, ಪಾದ್ರಿಯ ಬೋಧನೆ ಮುಗಿಯುವ ತನಕ ಕೂತಿರುವುದು ಯಾರಿಂದಲೂ ಆಗುವ ಮಾತಲ್ಲ.

"ಹೋದ ಭಾನುವಾರ ಅರ್ಧಕ್ಕೇ ಎದ್ದು ಹೊರಗೆ ಹೋದ," ಎಂದರು ನಡೀನ್. "ಆ ಹುಡುಗ ಕೋಲ್ಬಿ ಇದ್ದಾನಲ್ಲ, ಚರ್ಚಿಗೆ ಹೊಸದಾಗಿ ಸೇರ್ಕೊಂಡೋನು, ಬಂದು ಹೇಳ್ದ. 'ಮಿಸ್ಟರ್ ವೆಲ್ಡನ್, ನೀವು ಮುಂದೆ ಮಿಸ್ ನಡೀನ್ ಜೊತೆ ಆರಾಮಾಗಿ ಕೂತ್ಕೊಳ್ಳಿ, ಬಾಗಿಲು ನಾನು ನೋಡ್ಕೋತೀನಿ' ಅಂತ. ಒಳ್ಳೆ ಮನಸ್ಸಿಂದಲೇ ಹೇಳಿದ್ದು. ಅದಕ್ಕೇ ಇವನಿಗೆ ಜಾಸ್ತಿ ತಾಗಿದ್ದು. ಬರೋ ಭಾನುವಾರ ಪೂರ್ತಿ ಕೂರಕ್ಕೆ ಆಗದಿದ್ರೆ ಜಾಗ ತಾನೇ ಬಿಟ್ಟುಕೊಡ್ತೀನಿ ಅಂದಿದ್ದಾನೆ. ಹೇಳಿದ ಮೇಲೆ ಮಾಡ್ತಾನೆ, ನಿನಗೆ ಗೊತ್ತಲ್ಲ."

ಓಲೀಟಾಗೆ ಗೊತ್ತಿತ್ತು. ಅಪ್ಪ ತೀರಿಕೊಂಡು ಅಂಗಡಿ ಅವಳ ಕೈಗೆ ಬಂದ ವರ್ಷ, ಹೆಂಗಸು ಹೊಲಿದ ಜೀನು ಹೊರಲು ಕುದುರೆಯೂ ನಾಚಿಕೊಳ್ಳುತ್ತದೆಂದು ನಕ್ಕವರಿದ್ದರು. ಆಗ ವೆಲ್ಡನ್ ಒಂದು ಮಾತೂ ಆಡದೆ ತಮ್ಮ ಜೀನನ್ನು ತಂದು ಅವಳ ಮೇಜಿನ ಮೇಲೆ ಇಳಿಸಿದ್ದರು. ಅವಳು ಹೊಲಿದು ಕೊಟ್ಟ ಮೇಲೆ ಅದನ್ನು ಹೆಗಲ ಮೇಲೆ ಹೊತ್ತು, ಟ್ರಕ್ಕು ಅಂಗಡಿಯ ಮುಂದೆಯೇ ನಿಂತಿದ್ದರೂ, ಮುಖ್ಯ ಬೀದಿಯುದ್ದಕ್ಕೂ ನಡೆದುಕೊಂಡೇ ಹೋಗಿದ್ದರು.

ಅವಳು ಪೆಟ್ಟಿಗೆಯನ್ನು ಮುಚ್ಚಿ ಹಿಂದಕ್ಕೆ ಕೊಟ್ಟಳು. ಆಮೇಲೆ ಹಿಂಬದಿಯ ಅಡುಗೆಮನೆಗೆ ಹೋಗಿ ತನ್ನ ಫ್ರಿಜ್ಜಿನಿಂದ ಮೊಟ್ಟೆಗಳ ಡಬ್ಬಿ ತಂದು ಅದರ ಮೇಲಿಟ್ಟಳು.

"ಇದ್ಯಾಕಮ್ಮ?"

"ಮೊಟ್ಟೆ ತರಕ್ಕೆ ಹೋದೋರು ಬರಿಗೈಲಿ ಹೋದ್ರೆ ದನಗಳ್ಳರನ್ನ ಹಿಡಿದೋರು ಸುಮ್ನೆ ಬಿಡ್ತಾರಾ?"

ಮಾರನೆಯ ದಿನ ಅವಳು ವೆಲ್ಡನ್‌ಗೆ ಫೋನು ಮಾಡಿದಳು. ಅಪ್ಪ ಕತ್ತರಿಸಿದ ಹಳೆಯ ಒರೆಯನ್ನು ಒಂದು ಸಲ ನೋಡಬೇಕಿತ್ತು, ಅವರ ಅಳತೆಯ ಕಾಗದಗಳು ಒಂದೂ ಉಳಿದಿಲ್ಲ, ಇಂಥ ದಿನ ಬರಲಾಗುತ್ತದೆಯೇ ಎಂದು ಕೇಳಿದಳು. ಕಾಗದಗಳು ಉಳಿದಿರಲಿಲ್ಲವೆಂಬುದು ನಿಜವೇ ಆಗಿತ್ತು.

ವೆಲ್ಡನ್ ಬಂದು ಎಡಗೈಯಲ್ಲಿ ಟೋಪಿ ತೆಗೆದರು. ಜನ್ಮವಿಡೀ ಬಲಗೈಯಲ್ಲಿ ತೆಗೆದವರು. ಓಲೀಟಾ ಅದನ್ನು ಗಮನಿಸಿದಳು. ಅಂಗಡಿಯಲ್ಲಿ ಗಿರಾಕಿಗಳು ಕೂರಲು ಇದ್ದದ್ದು ಅದೇ ಚರ್ಚಿನ ಹಳೆಯ ಬೆಂಚು. ಅಲ್ಲಿ ನೆಲ ಹೊಸದು ಹಾಕಿಸಿದಾಗ ಒಂದು ಬೆಂಚು ಹೆಚ್ಚಾಗಿ, ಅವಳ ಅಪ್ಪ ಹೊತ್ತು ತಂದಿದ್ದರು. ವೆಲ್ಡನ್ ಅದರ ಮೇಲೆ ಎಡಕ್ಕೆ ವಾಲಿ, ಅರ್ಧ ಕೂತರು.

"ಈಗಿನೋರೆಲ್ಲ ಟ್ರಕ್ಕಲ್ಲಿ ಕೂತೇ ಇರ್ತಾರೆ, ಮಿಸ್ಟರ್ ವೆಲ್ಡನ್. ನಮ್ಮಪ್ಪನ ಒರೆ ನಿಂತೋರಿಗೆ, ಕುದುರೆ ಮೇಲಿರೋರಿಗೆ ಮಾಡಿದ್ದು. ಕೂತೋರಿಗೆ ಒಂದು ಮಾಡ್ಬೇಕು ಅಂತಿದ್ದೀನಿ. ನಿಮ್ಮ ಸೊಂಟ ಸ್ವಲ್ಪ ಸಾಲ ಕೊಡಿ."

ಅವರು ಅವಳನ್ನು ದಿಟ್ಟಿಸಿದರು. "ಹುಡುಗಿ, ನನ್ನ ಮೇಲೆ ಕರುಣೆ ತೋರಿಸ್ತಿದ್ದೀಯಾ?" ಅರವತ್ತು ದಾಟಿದ ಅವಳನ್ನು ಹುಡುಗಿ ಎನ್ನುವವರು ಊರಿನಲ್ಲಿ ಅವರೊಬ್ಬರೇ ಉಳಿದಿದ್ದರು.

"ಕರುಣೆ ಬೇಕಿದ್ರೆ ಪಾದ್ರಿ ಹತ್ರ ಹೋಗಿ. ನನ್ನ ಹತ್ರ ಇರೋದು ಚರ್ಮ."

ಅವರ ಮೀಸೆಯ ಕೆಳಗೆ ಏನೋ ಅಲುಗಿತು. ರಿವಾಲ್ವರಿನ ಗುಂಡುಗಳನ್ನೆಲ್ಲ ತೆಗೆದು ಮೇಜಿನ ಮೇಲಿಟ್ಟು, ಖಾಲಿಯಾದ ಗುಂಡಿನ ಮನೆಗಳನ್ನು ಅವಳಿಗೂ ತೋರಿಸಿದರು. ಅವಳು ಅದೇ ಆಕಾರದ ನೀಲಿ ಪ್ಲಾಸ್ಟಿಕ್ಕಿನ ಅಚ್ಚನ್ನು ಕೊಟ್ಟಳು. ಮೊದಲು ಹಳೆಯ ಒರೆಯಲ್ಲಿ, ಹಳೆಯ ಜಾಗದಲ್ಲಿ, ಸೊಂಟದ ಹಿಂದೆ. ಅವರ ಬಲಗೈ ಹಿಂದಕ್ಕೆ ಹೊರಟು ಪಕ್ಕೆಯ ತನಕ ಹೋಗಿ ನಿಂತಿತು. ಮುಂದೆ ಹೋಗಲಿಲ್ಲ. ಭುಜ ಬಿಡಲಿಲ್ಲ.

ಓಲೀಟಾ ಬೆನ್ನು ತಿರುಗಿಸಿ, ಕಣ್ಣೆದುರಿಗೇ ಇದ್ದ ಜೇನುಮೇಣದ ಉಂಡೆಯನ್ನು ಕಪಾಟಿನಲ್ಲೆಲ್ಲ ಹುಡುಕತೊಡಗಿದಳು. ಹಿಂದೆ ಬೆಂಚು ಒಂದೆರಡು ಸಲ ಕಿರುಗುಟ್ಟಿತು. ಆಮೇಲೆ ಸುಮ್ಮನಾಯಿತು.

"ಸೊಂಟ ಒಂದೇ ಅಲ್ಲ," ಎಂದರು ವೆಲ್ಡನ್ ಮೆಲ್ಲಗೆ. "ನಡೀನ್‌ಗೆ ಭುಜದ ವಿಷಯ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ," ಎಂದು ಓಲೀಟಾ ಮೇಣದೊಂದಿಗೆ ತಿರುಗಿದಳು. "ಎಡಗಡೆ ಮುಂದೆ ಇಟ್ಟು ನೋಡೋಣ. ಹಿಡಿ ಬಲಕ್ಕಿರಲಿ. ಬಲಗೈಲಿ ಹೊಟ್ಟೆ ಮುಂದಿಂದ ತಗೊಳ್ಳಿ."

"ಅದು ಇಸ್ಪೀಟಲ್ಲಿ ಮೋಸ ಮಾಡೋರು ಇಟ್ಕೊಳ್ಳೋ ಜಾಗ."

"ನೀವು ಇಸ್ಪೀಟಾಡೋದು ನಾನೂ ನೋಡಿದ್ದೀನಿ. ಸರಿಯಾಗೇ ಹೊಂದುತ್ತೆ."

ಅವರು ಸದ್ದಿಲ್ಲದೆ ನಕ್ಕರು. ಅಚ್ಚನ್ನು ಅಲ್ಲಿ ಸಿಕ್ಕಿಸಿ ಕೂರಿಸಿದಾಗ, ಎಷ್ಟೋ ತಿಂಗಳ ಮೇಲೆ, ಅವರ ಬೆನ್ನು ಬೆಂಚಿನ ಒರಗುಮರಕ್ಕೆ ಪೂರ್ತಿ ತಾಗಿತು. ಕೈ ಹಿಡಿಗೆ ನೇರ ಹೋಯಿತು. ಆದರೆ ಬೂಟು ಮುಟ್ಟಲು ಬಗ್ಗಿದಾಗ ನಳಿಗೆಯ ತುದಿ ತೊಡೆಯ ಸಂದಿಗೆ ಒತ್ತಿತು. ಅವಳು ಒರೆಯನ್ನು ಒಂದು ಬೆರಳು ಮೇಲಕ್ಕೆತ್ತಿ, ಓರೆ ಮಾಡಿ, ಮತ್ತೆ ಬಗ್ಗಿಸಿದಳು. ಟ್ರಕ್ಕಿನಲ್ಲಿ ಕೂರಿಸಿದಳು, ಇಳಿಸಿದಳು. ಬಿದ್ದ ಮೊಳೆ ಎತ್ತಿಸಿದಳು. ಅವರು ಬೈಯುವ ತನಕ ಬಿಡಲಿಲ್ಲ.

ಚರ್ಮಕ್ಕೆ ಅವಳು ಕುದುರೆಯದನ್ನೇ ಆರಿಸಿದಳು. ದನದ ಚರ್ಮ ಮೆತ್ತಗಿರುತ್ತದೆ, ಕೈಗೆ ಹಿತ. ಆದರೆ ಸೊಂಟದ ಬೆವರು ಕುಡಿದು ಕುಡಿದು ಅದು ಸಡಿಲವಾಗುತ್ತದೆ. ಒರೆಯ ಬಾಯಿ ಮುಚ್ಚಿಕೊಂಡರೆ ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಂದಕ್ಕೆ ಸೇರಿಸಲು ಆಗದು. ಅದಕ್ಕೆಂದು ಬಾಯಿಯ ಸುತ್ತ ಇನ್ನೊಂದು ಪಟ್ಟಿ ಕೂರಿಸಿದಳು. ಬೆಲ್ಟನ್ನು ಕಚ್ಚಿ ಹಿಡಿಯುವ ಎರಡು ಪಟ್ಟಿಗಳನ್ನು ಒಂದರಿಂದೊಂದು ದೂರಕ್ಕೆ ಇಟ್ಟಳು, ಭಾರ ಒಂದೇ ಕಡೆ ಜಗ್ಗದಿರಲೆಂದು. ಉಕ್ಕು ಮೈಗೆ ತಾಗದಂತೆ ಒಳಬದಿಯಲ್ಲಿ ಚರ್ಮದ ಎತ್ತರದ ನಾಲಿಗೆ ಬಿಟ್ಟಳು. ಬೆರಳಿಟ್ಟು ಒತ್ತುವ ಟ್ರಿಗರಿನ ಜಾಗ ಪೂರ್ತಿ ಮುಚ್ಚಿದೆಯೆಂದು ಮುಟ್ಟಿ ಮುಟ್ಟಿ ನೋಡಿದಳು. ನೆನೆಸಿದ ಚರ್ಮವನ್ನು ನೀಲಿ ಅಚ್ಚಿನ ಸುತ್ತ ಒತ್ತಿ, ಮೂಳೆಯ ಕಡ್ಡಿಯಿಂದ ಗೆರೆ ತೀಡಿ, ಕಿಟಕಿಯ ಹತ್ತಿರ ಆರಲು ಇಟ್ಟಾಗ ಅದು ಅಪ್ಪನ ಒರೆಯಂತೆ ಕಾಣಲಿಲ್ಲ. ಅಪ್ಪ ಇಂಥದನ್ನು ಮಾಡಿರಲೇ ಇಲ್ಲ. ಅವಳು ಅದನ್ನು ಸ್ವಲ್ಪ ಹೊತ್ತು, ಕೆಲಸ ಬಿಟ್ಟು, ಸುಮ್ಮನೆ ನೋಡಿದಳು.

ಶುಕ್ರವಾರ ಗಂಡಹೆಂಡತಿ ಇಬ್ಬರೂ ಬಂದರು. ವೆಲ್ಡನ್ ಭಾನುವಾರದ ಕೋಟು ಹಾಕಿಕೊಂಡಿದ್ದರು.

"ಉಬ್ಬು ಕಾಣಲ್ಲ," ಎಂದರು ನಡೀನ್ ಸುತ್ತ ಒಂದು ಸುತ್ತು ಹಾಕಿ. "ಆದ್ರೆ ಚರ್ಚಲ್ಲಿ ಅಪ್ಕೊಳ್ಳೋರ ಗತಿ ಏನು? ಫ್ಲಾಸಿ ಬಾಗ್ಸ್ ಯಾವಾಗ್ಲೂ ಎಡಗಡೆಯಿಂದ ಬಂದು ಮೇಲೆ ಬೀಳ್ತಾಳೆ."

"ಪರೀಕ್ಷೆ ಮಾಡೇಬಿಡೋಣ," ಎಂದು ಓಲೀಟಾ ಎಡಗಡೆಯಿಂದಲೇ ಹೋಗಿ ವೆಲ್ಡನ್‌ರನ್ನು ಅಪ್ಪಿಕೊಂಡಳು. ಅವರು ಕಂಬದಂತೆ ನಿಂತರು. "ಏನೂ ತಾಗಲಿಲ್ಲ. ನಿಮ್ಮ ಹೊಟ್ಟೆ ಮಾತ್ರ ತಾಗಿತು."

"ಅದಕ್ಕೆ ಒರೆ ಸಿಗಲ್ಲ," ಎಂದರು ನಡೀನ್.

ಭಾನುವಾರ ಮಾರ್ಚ್ ತಿಂಗಳ ಧೂಳುಗಾಳಿ ಬೀಸುತ್ತಿತ್ತು. ಓಲೀಟಾ ಮೂರನೆಯ ಸಾಲಿನಲ್ಲಿ ಕೂತಿದ್ದಳು. ಹಿಂತಿರುಗಿ ನೋಡಬಾರದೆಂದು ತನಗೆ ತಾನೇ ಹೇಳಿಕೊಂಡಿದ್ದಳು. ನೋಡಬೇಕಾಗಿಯೂ ಇರಲಿಲ್ಲ. ಆ ಕೊನೆಯ ಬೆಂಚು ಕಿರುಗುಟ್ಟುವ ಬೆಂಚು. ಹೋದ ವಾರಗಳಲ್ಲಿ ವೆಲ್ಡನ್ ಮೈ ಕದಲಿಸಿದಾಗಲೆಲ್ಲ ಅದು ಇಡೀ ಚರ್ಚಿಗೆ ಹೇಳುತ್ತಿತ್ತು. ಪಾದ್ರಿ ಮೊದಲ ವಚನ ಓದಿದರು. ಸದ್ದಿಲ್ಲ. ಅಂದು ಅವರು ಜಲಪ್ರಳಯದ ನೋಹನ ಕತೆ ಎತ್ತಿಕೊಂಡಿದ್ದರು, ನಾವೆ ಕಟ್ಟಿ ಮುಗಿಸಲು ನೋಹನಿಗೆ ಹಿಡಿದಷ್ಟೇ ಹೊತ್ತು ತೆಗೆದುಕೊಂಡರು. ಗಾಳಿ ಕಿಟಕಿಯನ್ನು ಅಲುಗಿಸಿತು, ಯಾವುದೋ ಮಗು ಸೀನಿತು. ಹಿಂದಿನಿಂದ ಒಂದು ಸದ್ದೂ ಬರಲಿಲ್ಲ. ಕೊನೆಯ ಹಾಡಿಗೆ ಎಲ್ಲರೂ ಏಳುವಾಗ ಓಲೀಟಾ ತನ್ನ ಪರ್ಸನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಬೆರಳುಗಳಲ್ಲಿ ಅದರ ಹೊಲಿಗೆಯ ಅಚ್ಚು ಮೂಡಿತ್ತು. ಅಂದು ಅವಳು ಹಾಡಿದ ಜೋರಿಗೆ ಪಕ್ಕದವರು ಒಮ್ಮೆ ತಿರುಗಿ ನೋಡಿದರು.

ಆಮೇಲೆ ಪೆಕಾನ್ ಮರದ ಕೆಳಗೆ ಊಟ. ಹೊಗೆಯಲ್ಲಿ ಬೇಯಿಸಿದ ಮಾಂಸ, ಹುರುಳಿಕಾಯಿ, ಪೀಚ್ ಹಣ್ಣಿನ ಸಿಹಿ. ಓಲೀಟಾ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ವೆಲ್ಡನ್ ಬಂದು ಅವಳ ಮೊಣಕೈ ಹಿಡಿದು ಪಕ್ಕಕ್ಕೆ ಕರೆದರು. ಅವರ ಮುಖ ಬಿಳಿಚಿಕೊಂಡಿತ್ತು.

"ಹುಡುಗಿ, ಯಾರಿಗೂ ಹೇಳ್ಬೇಡ. ಪಿಸ್ತೂಲು ಮನೇಲೇ ಬಿಟ್ಟು ಬಂದಿದ್ದೀನಿ." ಬಲಗೈ ಬಲಪಕ್ಕೆಯನ್ನು ತಡವುತ್ತಿತ್ತು, ಅದು ಹೋಗುವಷ್ಟು ದೂರ ಹೋಗಿ, ಹಳೆಯ ಜಾಗವನ್ನು ಹುಡುಕುತ್ತಿತ್ತು. "ಅಷ್ಟು ಹೊತ್ತು ಬಾಗಿಲಲ್ಲಿ ಬರಿಗೈಲಿ ಕೂತಿದ್ದೆ. ಆ ಮಕ್ಕಳೆಲ್ಲ ಮುಂದೆ. ಕೋಲ್ಬಿ ಹೇಳಿದ್ದೇ ಸರಿ. ನನಗೆ ವಯಸ್ಸಾಯ್ತು."

ಓಲೀಟಾಗೆ ನಗು ಗಂಟಲ ತನಕ ಬಂತು. ಅದನ್ನು ಅವಳು ಅಲ್ಲೇ ನುಂಗಿದಳು.

"ಗಾಳಿ ಜೋರಾಗಿದೆ, ಮಿಸ್ಟರ್ ವೆಲ್ಡನ್," ಎಂದಳು. "ಮೊದಲು ಕೋಟಿನ ಗುಂಡಿ ಹಾಕ್ಕೊಳ್ಳಿ."

ಅವರು ಹೇಳಿದಂತೆ ಮಾಡಿದರು. ಗುಂಡಿ ಹಾಕಲು ಹೋದ ಬೆರಳುಗಳು ಎಡಗಡೆಯ ಅಂಚಿನಲ್ಲಿ ತಡೆದು ನಿಂತವು. ಅಂಗೈ ಕೋಟಿನ ಮೇಲೆ ಚಪ್ಪಟೆಯಾಗಿ ಕೂತಿತು. ರಾಷ್ಟ್ರಗೀತೆಗೆ ಎದೆಯ ಮೇಲೆ ಕೈಯಿಟ್ಟು ನಿಂತವರಂತೆ ಅವರು ನಿಂತರು. ಮುಖಕ್ಕೆ ಬಣ್ಣ ಹಿಂತಿರುಗಿತು, ಕಿವಿಗಳಿಗೆ ಸ್ವಲ್ಪ ಜಾಸ್ತಿಯೇ.

"ಇದು ಇದೆ ಅಂತಲೇ ನನಗೆ ಮರೆತುಹೋಗಿತ್ತು," ಎಂದರು.

ಜೀನು, ಒರೆ, ಲಗಾಮು ಎಂದು ಓಲೀಟಾ ಜೀವಮಾನವೆಲ್ಲ ಹೊಲಿದಿದ್ದಳು. ಹೊಗಳಿಕೆಯೂ ಸಾಕಷ್ಟು ಬಂದಿತ್ತು. ಇಷ್ಟು ದೊಡ್ಡದನ್ನು ಯಾರೂ ಹೇಳಿರಲಿಲ್ಲ. ತನ್ನ ತಟ್ಟೆಯಲ್ಲಿದ್ದ ಪೀಚ್ ಸಿಹಿಯನ್ನು ಅವರಿಗೆ ಕೊಟ್ಟುಬಿಟ್ಟಳು.

ಅಷ್ಟರಲ್ಲಿ ಕೋಲ್ಬಿ ಇಬ್ಬರಿಗೂ ತಣ್ಣನೆಯ ಚಹಾ ತಂದ. ಕೊಡುವ ಮೊದಲು ಒಂದು ಲೋಟ ಕೆಳಗಿಟ್ಟು, ಯಾರೂ ನೋಡಲಿಲ್ಲವೆಂದುಕೊಂಡು, ಸೊಂಟದ ಬಳಿ ಪ್ಯಾಂಟಿನ ಅಂಚನ್ನು ಎಳೆದು ಸರಿಮಾಡಿಕೊಂಡ.

"ಮಿಸ್ಟರ್ ವೆಲ್ಡನ್, ಇವತ್ತು ನೀವು ಕಲ್ಲಿನ ಹಾಗೆ ಕೂತಿದ್ರಿ. ನಾನು ಬೇಡದ ಮಾತು ಆಡಿದೆ ಹೋದ ವಾರ."

"ಆಡಿದ್ದು ಒಳ್ಳೇದೇ ಆಯ್ತು," ಎಂದರು ವೆಲ್ಡನ್. "ಚುಚ್ಚುತ್ತಾ?"

"ಏನು ಸಾರ್?"

"ನಿನ್ನ ಒರೆ."

"ಇಲ್ಲ ಸಾರ್." ಆಮೇಲೆ ನೆಲ ನೋಡುತ್ತ, "ಸ್ವಲ್ಪ."

"ನಾಳೆ ಓಲೀಟಾ ಅಂಗಡಿಗೆ ಹೋಗು," ಎಂದರು ವೆಲ್ಡನ್, ಸಿಹಿಯನ್ನು ಚಮಚದಲ್ಲಿ ಎತ್ತಿಕೊಳ್ಳುತ್ತ. "ಅಲ್ಲಿ ಒಂದು ಬೆಂಚಿದೆ, ಅದರ ಮೇಲೆ ಕೂತ್ಕೋ. ಅವಳು ಏನೇನೋ ಮಾಡಿಸ್ತಾಳೆ, ಬೈಬೇಡ. ನಾನು ಬೈದು ಆಗಿದೆ."